ನಿಲ್ಲಿಸಿದವನಿಗೆ ಚಹಾ

ಮೇ ತಿಂಗಳ ಮೂರನೇ ವಾರ. ಗೋವೆಯ ಕಾಣಕೋಣದ ಚಾವಡಿ ಪೇಟೆಯಿಂದ ರೈಲ್ವೆ ಸ್ಟೇಷನ್ನಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ. ಜಗಲಿಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಅಂಕೋಲೆ ಕಡೆಯವರು. ಗದ್ದೆ ಹಳಿಗೆ ಹೋದ ಮೇಲೆ ಕೊಂಕಣ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಇದೇ ಹಳಿಯ ಮೇಲೆ ನಡೆದು ನಡೆದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಕ್ಕನ ಮಗಳು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಕಳೆದ ಅಕ್ಟೋಬರಿನಿಂದ ಆಗೋಂದ ತೀರದ ಒಂದು ರೆಸಾರ್ಟಿಗೆ ಮ್ಯಾನೇಜರ್ ಆಗಿದ್ದಾಳೆ.

– ಏನೂ ಆಗಲಿಲ್ಲ ಮಾವ. ಒಲೆ ಹೊತ್ತಿಸುವ ಮೊದಲೇ ಅಡುಗೆಯವರಿಗೆ ವಾಸನೆ ಬಂತು. ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ಬಾಗಿಲು ತೆಗೆದರು. ಗ್ಯಾಸಿನ ಪೈಪು ಒಂದು ಕಡೆ ಬಿರಿದಿತ್ತು, ಹೊಸದು ಹಾಕಿಸಿದೆವು. ಮಧ್ಯಾಹ್ನದ ಊಟ ಕೂಡ ತಡವಾಗಲಿಲ್ಲ.

– ಮತ್ಯಾಕೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೀ?

– ಪಾತ್ರೆ ತೊಳೆಯುವ ಹುಡುಗನಿಗೆ ಮೂರು ದಿನದಿಂದ ಗೊತ್ತಿತ್ತಂತೆ.

– ಯಾರು ಹೇಳಿದರು?

– ಅವನೇ. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದೆ. ‘ಸೋಮವಾರದಿಂದ ವಾಸ್ನಿ ಬರ್ತಿತ್ರಿ ಮೇಡಂ’ ಅಂದ. ರೋಣ ತಾಲೂಕಿನ ಹುಡುಗ, ಹತ್ತೊಂಬತ್ತು ವರ್ಷ. ‘ಮತ್ಯಾಕೆ ಬಾಯಿ ಬಿಡಲಿಲ್ಲ’ ಅಂತ ಕೂಗಿದೆ. ನೆಲ ನೋಡುತ್ತ ನಿಂತ. ಮಾವ, ಸ್ಟಾಫ್ ಮಲಗುವ ಕೋಣೆ ಆ ಅಡುಗೆಮನೆಯ ಗೋಡೆಗೆ ಹತ್ತಿಕೊಂಡೇ ಇದೆ. ಅವನೂ ಅಲ್ಲೇ ಮಲಗುವವನು. ತನ್ನ ಜೀವದ ಮೇಲೆ ಬರುವಂಥದ್ದನ್ನೂ ಒಬ್ಬ ಹೇಳದೆ ಇರ್ತಾನೆ ಅಂದರೆ ಏನರ್ಥ? ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ.

– ಅದಕ್ಕೆ ಮೊದಲು ಅವನು ನಿನ್ನ ಹತ್ತಿರ ಯಾವಾಗಲಾದರೂ ಏನಾದರೂ ಹೇಳಿದ್ದನೇ?

– ನೆನಪಿಲ್ಲ.

– ನೆನಪು ಮಾಡಿಕೋ. ಅವಸರವಿಲ್ಲ. ಅಷ್ಟರೊಳಗೆ ನಾನೊಂದು ಹೇಳ್ತೇನೆ. ಮಳೆಗಾಲದ ಪೆಟ್ರೋಲಿಂಗ್ ಅಂದರೆ ಏನು ಅಂತ ನಿನಗೆ ಗೊತ್ತಲ್ಲ?

– ರಾತ್ರಿ ಹಳಿಯ ಮೇಲೆ ಲಾಟೀನು ಹಿಡಿದು ನಡೆಯುವುದು. ಚಿಕ್ಕಂದಿನಲ್ಲಿ ಅತ್ತೆ ನಿಮ್ಮ ಬುತ್ತಿ ಕಟ್ಟುವುದನ್ನು ನೋಡಿದ್ದೇನೆ.

– ಲಾಟೀನು ಆಮೇಲೆ ಟಾರ್ಚ್ ಆಯಿತು. ಕೆಂಪು, ಹಸಿರು ಎರಡೂ ತೋರಿಸುವಂಥದ್ದು. ಹೆಗಲ ಚೀಲದಲ್ಲಿ ಬಾವುಟ, ಸೀಟಿ, ಪಟಾಕಿ. ಪುಸ್ತಕದಲ್ಲಿ ಡಿಟೊನೇಟರ್ ಅಂತ ಬರೆದಿರ್ತದೆ, ನಮ್ಮ ಬಾಯಲ್ಲಿ ಪಟಾಕಿ. ಗುಡ್ಡ ಕಡಿದು ಹಳಿ ಹಾಸಿದ ಕಡೆಗೆ ಕಟಿಂಗ್ ಅಂತೇವೆ. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಈ ಲೈನು, ಅದರಲ್ಲಿ ಎಷ್ಟು ಕಟಿಂಗ್, ಎಷ್ಟು ಸುರಂಗ! ಉತ್ತರಕ್ಕೆ ಬಾಳ್ಳಿಯ ಕಡೆ ಹೋದರೆ ಬಾರ್ಸೆಂ ಸುರಂಗ ಒಂದೇ ಮೂರು ಕಿಲೋಮೀಟರಿಗೂ ಮಿಕ್ಕಿ ಇದೆ. ಜೂನಿನಲ್ಲಿ ಕೆಂಪು ಮಣ್ಣು ನೀರು ಕುಡಿದು ಭಾರವಾದರೆ ಯಾವಾಗ ಜರೀತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಹಾಗಾಗಿ ಮನುಷ್ಯ ನಡೆಯಬೇಕು. ಹಳಿಯ ಮೇಲೆ ಕಲ್ಲು ಬಿದ್ದದ್ದು ಕಂಡರೆ ಓಡಬೇಕು. 600 ಮೀಟರಿನಲ್ಲಿ ಒಂದು ಪಟಾಕಿ, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು. ಇಂಜಿನ್ನಿನ ಗಾಲಿ ಅದರ ಮೇಲೆ ಹತ್ತಿ ಢಮ್ ಅಂದರೆ ಡ್ರೈವರ್ ಬ್ರೇಕ್ ಹಾಕಲೇಬೇಕು. ಅದು ರಾಜಧಾನಿ ಆಗಲಿ, ಒಳಗೆ ರೈಲ್ವೆ ಮಂತ್ರಿ ಮಲಗಿರಲಿ, ನಿಲ್ಲಬೇಕು. ನಿಲ್ಲಿಸುವವನು ಯಾರು? ಇಲಾಖೆಯಲ್ಲಿ ಎಲ್ಲರಿಗಿಂತ ಕೆಳಗಿನ ಸಂಬಳದವನು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

– ಟೊಯೊಟಾದವರ ಕಾರ್ಖಾನೆಗಳಲ್ಲಿ ಹೀಗೇ ಒಂದು ಹಗ್ಗ ಇರ್ತಿತ್ತಂತೆ. ಕೆಲಸಗಾರನಿಗೆ ತಪ್ಪು ಕಂಡರೆ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ನಮಗೆ ಪಾಠದಲ್ಲಿತ್ತು.

– ಪಾಠದಲ್ಲಿ ಹಗ್ಗ ಎಳೆದ ಮಾರನೇ ದಿನ ಏನಾಗ್ತದೆ ಅಂತ ಇತ್ತೇ? ನಾನು ಹೇಳಬೇಕೆಂದಿರುವುದು ಆ ಮಾರನೇ ದಿನದ ಸಂಗತಿ.

– ಹೇಳಿ.

– ನಾನು ಸೇರಿ ಏಳೆಂಟು ವರ್ಷ ಆಗಿರಬೇಕು. ಜುಲೈ, ರಾತ್ರಿ ಮೂರು ಗಂಟೆ. ಲೋಲಿಯೆ ಕಡೆಯ ಒಂದು ಕಟಿಂಗಿನಲ್ಲಿದ್ದೆ. ಮಳೆ ಹೇಗಿತ್ತು ಅಂದರೆ ಟಾರ್ಚಿನ ಬೆಳಕು ನಾಲ್ಕು ಮಾರು ದಾಟುತ್ತಿರಲಿಲ್ಲ. ಮೇಲಿಂದ ಬರಬರ ಅಂತ ಏನೋ ಜಾರಿದ ಶಬ್ದ. ಹಳಿಯ ಮೇಲೆ ಕೆಂಪು ನೀರು ಹರೀತಾ ಇದೆ, ಜಲ್ಲಿ ಕಾಣುವುದಿಲ್ಲ. ಕಪ್ಪಗೆ ಏನೋ ಬಿದ್ದದ್ದು ಕಂಡಿತು. ಹತ್ತಿರ ಹೋಗಿ ನೋಡಲಿಕ್ಕೆ ಧೈರ್ಯ ಸಾಲಲಿಲ್ಲ, ಹೊತ್ತೂ ಇರಲಿಲ್ಲ. ರೋ-ರೋ ಗಾಡಿ ಬರುವ ಸಮಯ. ಲಾರಿಗಳನ್ನು ಬೆನ್ನ ಮೇಲೆ ಹೊತ್ತು ಸುರತ್ಕಲ್ಲಿಗೆ ಹೋಗುವ ಗಾಡಿ, ನೀನು ನೋಡಿದ್ದೀಯಲ್ಲ. ಓಡಿದೆ, ಪಟಾಕಿ ಕಟ್ಟಿದೆ, ಕೆಂಪು ಬೀಸಿದೆ. ಗಾಡಿ ನಿಂತಿತು.

– ಗುಡ್ಡ ಜರಿದಿತ್ತೇ?

– ಒಂದು ಮರದ ಕೊಂಬೆ. ಮೇಲಿನ ಗಟಾರದಲ್ಲಿ ಕಸ ತುಂಬಿ ನೀರು ಉಕ್ಕಿ ಬಂದಿತ್ತು, ಅಷ್ಟೇ. ಕೊಂಬೆ ಎಳೆದು ಹಾಕಿ, ಹಳಿ ನೋಡಿ, ಗಾಡಿ ಹೊರಡುವಾಗ ಒಂದು ಗಂಟೆ ಆಗಿತ್ತು. ಡ್ರೈವರ್ ಕಿಟಕಿಯಿಂದ ಬಾಯಿಗೆ ಬಂದಂತೆ ಬೈದ. ನಾನು ಬೆಳಗಿನವರೆಗೂ ಇದೇ ಯೋಚನೆಯಲ್ಲಿದ್ದೆ: ಕೆಲಸ ಹೋಯಿತು. ಗದ್ದೆಯೂ ಹೋಗಿದೆ, ಇನ್ನು ಕೆಲಸವೂ ಹೋಯಿತು.

– ಆಮೇಲೆ?

– ಎಂಟು ಗಂಟೆಗೆ ಇನ್‌ಸ್ಪೆಕ್ಟರ್ ಸಾಹೇಬರು ಟ್ರಾಲಿಯಲ್ಲಿ ಬಂದರು. ನಾವು ಗ್ಯಾಂಗಿನವರೆಲ್ಲ ಟೂಲ್‌ರೂಮಿನ ಎದುರು ನಿಂತಿದ್ದೆವು. ಅವರು ಥರ್ಮಾಸಿನ ಚಹಾ ಮುಚ್ಚಳಕ್ಕೆ ಬಗ್ಗಿಸಿ ಮೊದಲು ನನಗೆ ಕೊಟ್ಟರು. ನನ್ನ ಕೈ ನಡುಗುತ್ತಿತ್ತು. ಗಂಟೆ ತಡವಾದ ಮಾತೇ ಎತ್ತಲಿಲ್ಲ. ‘ನೀನು ಎಲ್ಲಿ ನಿಂತಿದ್ದೆ? ಏನು ಕೇಳಿಸಿತು? ನಡಿ, ತೋರಿಸು’ ಅಂದರು. ಆ ಕಟಿಂಗಿನವರೆಗೆ ನನ್ನ ಜೊತೆ ನಡೆದರು, ಮಳೆಯಲ್ಲಿ. ನಾನು ನಿಂತಲ್ಲೇ ನಿಂತು ಮೇಲೆ ನೋಡಿದರು. ಗಟಾರ ಸ್ವಚ್ಛ ಮಾಡಲಿಕ್ಕೆ ಇಬ್ಬರನ್ನು ಕಳಿಸಿದರು. ವಾಪಸು ಬಂದು ಇಡೀ ಗ್ಯಾಂಗಿನ ಎದುರು, ‘ನಿನ್ನೆ ಇವನು ನಿಲ್ಲಿಸಿದ. ಸಂಶಯ ಬಂದರೆ ಇವತ್ತು ರಾತ್ರಿಯೂ ನಿಲ್ಲಿಸಬೇಕು’ ಅಂದರು. ಅಷ್ಟೇ ಮಾತು.

– ಮುಂದೆ ಯಾವಾಗಲಾದರೂ ಅಲ್ಲಿ ಗುಡ್ಡ ಜರಿಯಿತೇ?

– ಇಲ್ಲ. ಇವತ್ತಿನವರೆಗೂ ಆ ಜಾಗದಲ್ಲಿ ಒಂದು ಕಲ್ಲೂ ಬಿದ್ದಿಲ್ಲ. ಆದರೆ ನನ್ನ ಜೊತೆ ನಿಂತಿದ್ದ ಹನ್ನೊಂದು ಜನ ಅದನ್ನು ನೋಡಿದರು ತಂಗೀ. ಆ ಚಹಾ ನನಗೆ ಕೊಟ್ಟದ್ದಲ್ಲ, ಅವರಿಗೆ ಕೊಟ್ಟದ್ದು. ಆ ದಿನ ಸಾಹೇಬರು ನನ್ನ ಮೇಲೆ ಹರಿಹಾಯ್ದಿದ್ದರೆ ಅವರೆಲ್ಲ ಏನು ಕಲಿಯುತ್ತಿದ್ದರು? ಕಲ್ಲು ಖಂಡಿತ ಅಂತ ಕೈಯಿಟ್ಟು ಮುಟ್ಟಿ ನೋಡುವವರೆಗೆ ಪಟಾಕಿ ಕಟ್ಟಬೇಡ ಅಂತ. ಮುಟ್ಟಿ ನೋಡುವಷ್ಟರಲ್ಲಿ ಗಾಡಿ ಬಂದಿರ್ತದೆ.

– ವೈಭವವಾಡಿಯ ರೈಲು ಅಪಘಾತ ನಿಮ್ಮ ಕಾಲದಲ್ಲೇ ಆದದ್ದಲ್ಲವೇ?

– 2003ರ ಜೂನ್ 22, ರಾತ್ರಿ. ಕಾರವಾರದಿಂದ ಮುಂಬಯಿಗೆ ಹೊರಟ ರಜೆಯ ಸ್ಪೆಷಲ್. ಹತ್ತಿದವರಲ್ಲಿ ನಮ್ಮವರೂ ಇದ್ದರು. ಹಳಿಗೆ ಬಂಡೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಹೋದರು. ಒಂದು ವರ್ಷ ತುಂಬುವಷ್ಟರಲ್ಲಿ, 2004ರ ಜೂನ್ 16ಕ್ಕೆ, ಕರಂಜಾಡಿಯ ಹತ್ತಿರ ಮತ್ಸ್ಯಗಂಧಾ ಎಕ್ಸ್‌ಪ್ರೆಸ್. ಅದೂ ಬಂಡೆಯೇ. ಆಮೇಲೆ ಗುಡ್ಡಕ್ಕೆ ಬಲೆ ಬಂತು, ಮಳೆಗಾಲದಲ್ಲಿ ಗಾಡಿಯ ವೇಗ ಇಳಿಯಿತು, ಕಾವಲು ಹೆಚ್ಚಾಯಿತು. ಆ ಎರಡು ರಾತ್ರಿಗಳನ್ನು ನೆನೆದೇ ನಾವು ನಡೆಯುತ್ತಿದ್ದೆವು. ಇನ್ನೊಂದು ಪದ್ಧತಿ ಹೇಳ್ತೇನೆ, ಅದು ನಿನ್ನ ಅಡುಗೆಮನೆಗೆ ಹೆಚ್ಚು ಹತ್ತಿರದ್ದು. ಪೆಟ್ರೋಲ್‌ಮನ್ ಇಷ್ಟು ಹೊತ್ತಿಗೆ ಸ್ಟೇಷನ್ನಿಗೆ ಬಂದು ಪುಸ್ತಕಕ್ಕೆ ಮಾಸ್ತರರ ಸಹಿ ಹಾಕಿಸಬೇಕು ಅಂತ ಇರ್ತದೆ. ಅವನು ಬರಲಿಲ್ಲ ಅಂತಿಟ್ಟುಕೋ. ಸ್ಟೇಷನ್ ಮಾಸ್ತರರು ಏನು ಮಾಡಬೇಕು?

– ಫೋನ್ ಮಾಡಬೇಕು?

– ಮುಂದಿನ ಗಾಡಿಯನ್ನು ನಿಲ್ಲಿಸಿ, ನಿಧಾನ ಹೋಗು ಅಂತ ಡ್ರೈವರಿಗೆ ಚೀಟಿ ಕೊಡಬೇಕು. ‘ಬರಲಿಲ್ಲವಲ್ಲ, ಏನೂ ಆಗಿರಲಿಕ್ಕಿಲ್ಲ’ ಅನ್ನುವ ಹಾಗಿಲ್ಲ. ಸುದ್ದಿ ಬರಲಿಲ್ಲ ಅಂದರೆ ಕೆಟ್ಟ ಸುದ್ದಿ ಅಂತಲೇ ಲೆಕ್ಕ. ನೀನು ನಿನ್ನ ಸ್ಟಾಫಿನಿಂದ ಸುದ್ದಿ ಬರದಿದ್ದ ದಿನಗಳನ್ನು ಏನಂತ ಲೆಕ್ಕ ಹಾಕಿದ್ದೆ?

– ಎಲ್ಲ ಸುಸೂತ್ರ ಅಂತ. ಮಾಲೀಕರಿಗೆ ಪ್ರತಿ ವಾರ ವಾಟ್ಸಾಪಿನಲ್ಲಿ ಹಾಗೇ ಬರೆಯುತ್ತಿದ್ದೆ. ‘ದೂರು: ಇಲ್ಲ.’ ಅದನ್ನು ಬರೆಯುವಾಗ ಒಳಗೊಳಗೇ ಹೆಮ್ಮೆ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಅನ್ನುವವರ ಅಧ್ಯಯನವನ್ನು ಓದಿ ಪರೀಕ್ಷೆಯಲ್ಲಿ ಬರೆದವಳು ನಾನು, ಮಾವ. ತೊಂಬತ್ತರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲಿಕ್ಕೆ ಹೋದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರ್ತದೆ ಅಂತ ಅವರ ಅಂದಾಜು. ಲೆಕ್ಕ ನೋಡಿದರೆ ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು! ಆಮೇಲೆ ತಿಳಿಯಿತು, ಅವರು ಹೆಚ್ಚು ತಪ್ಪು ಮಾಡುವವರಲ್ಲ, ಮಾಡಿದ್ದನ್ನು ಮುಚ್ಚಿಡದವರು. ಉಳಿದ ಕಡೆ ದಾದಿಯರು ಹೆಡ್‌ನರ್ಸಿಗೆ ಹೆದರಿ ಸುಮ್ಮನಿರುತ್ತಿದ್ದರು. ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು ನನಗೆ.

– ಅಂಕ ಬಂದದ್ದು ಸುಳ್ಳಲ್ಲ. ಓದಿದ್ದು ಕೈಗೆ ಇಳಿಯಲಿಕ್ಕೆ ಹೊತ್ತು ಬೇಕು.

– ಮಾವ... ಹೇಳಿದ್ದ. ಈಗ ನೆನಪಾಯಿತು. ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿನ ಹಿಂದಿನ ದಿನ. ಆಗ ಅವನು ಹೌಸ್‌ಕೀಪಿಂಗಿನಲ್ಲಿದ್ದ. ಏಳನೇ ರೂಮಿಗೆ ಗಿರಾಕಿಗಳು ಬಂದು ರಿಸೆಪ್ಷನ್ನಿನಲ್ಲಿ ನಿಂತಿದ್ದಾರೆ, ಇವನು ಅವರೆದುರೇ ಓಡಿ ಬಂದು, ‘ಮೇಡಂ, ಕೊಡಬ್ಯಾಡ್ರಿ, ಗೀಜರ್ ಮುಟ್ಟಿದ್ರ ಝುಮ್ ಅಂತೈತಿ’ ಅಂದ. ಎಲೆಕ್ಟ್ರಿಶಿಯನ್ ಬಂದು ನೋಡಿದ. ಟೆಸ್ಟರ್ ಇಟ್ಟ, ಏನೂ ಇಲ್ಲ ಅಂದ. ಅಷ್ಟರಲ್ಲಿ ಗಿರಾಕಿಗಳು ಬೇರೆ ಕಡೆ ಹೊರಟು ಹೋಗಿದ್ದರು. ನಾಲ್ಕು ರಾತ್ರಿಯ ಬುಕಿಂಗ್. ನಾನು ಎಲ್ಲರೆದುರು, ‘ನಿನಗೇನು ತಿಳೀತದೆ ಕರೆಂಟಿನ ವಿಷಯ, ನಿನ್ನ ಕೆಲಸ ಎಷ್ಟೋ ಅಷ್ಟು ನೋಡು’ ಅಂದೆ. ಮರುದಿನ ಪಾತ್ರೆಗೆ ಹಾಕಿದೆ.

– ಪಾತ್ರೆಗೆ ಹಾಕಿದ್ದೂ ಅದಕ್ಕೇ?

– ಹೂಂ. ಆವತ್ತಿನಿಂದ ಅವನು ಏನು ಕೇಳಿದರೂ ‘ಹೂಂ ರೀ’ ಅಂತಾನೆ. ಬಹಳ ಸುಧಾರಿಸಿದ್ದಾನೆ ಅಂತ ತಿಳಿದುಕೊಂಡಿದ್ದೆ.

– ಅವನೊಬ್ಬನೇ ಅಲ್ಲ, ಆ ದಿನ ಅಲ್ಲಿ ನಿಂತಿದ್ದ ಎಲ್ಲರೂ ಸುಧಾರಿಸಿರಬೇಕು. ಗ್ಯಾಸಿನ ವಾಸನೆ ಒಬ್ಬನ ಮೂಗಿಗೆ ಮಾತ್ರ ಬರುವಂಥದ್ದಲ್ಲ.

– ಆದರೆ ನನ್ನ ಕಷ್ಟವನ್ನೂ ನೋಡಿ ಮಾವ. ಇಪ್ಪತ್ತೆರಡು ಜನ. ಒಬ್ಬ ನೇಪಾಳದವನು, ನಾಲ್ವರು ಝಾರ್ಖಂಡ್, ಒಡಿಶಾದವರು, ಉಳಿದವರು ಗದಗ, ಹಾವೇರಿ, ವಿಜಯಪುರ. ಸೀಸನ್ನಿಗೆ ಬರ್ತಾರೆ, ಜೂನಿಗೆ ಹೋಗ್ತಾರೆ. ಎಲ್ಲರಿಗೂ ‘ನಿಲ್ಲಿಸು’ ಅನ್ನುವ ಅಧಿಕಾರ ಕೊಟ್ಟರೆ ರೆಸಾರ್ಟು ನಡೆಯುವುದು ಹೇಗೆ? ಸೋಮಾರಿಗಳೂ ಇದ್ದಾರೆ. ಸುಳ್ಳು ಹೇಳುವವರೂ ಇದ್ದಾರೆ.

– ನಮ್ಮಲ್ಲಿ ಪಾಳಿಯಲ್ಲಿ ನಿದ್ದೆ ಮಾಡಿದವನಿಗೆ ಚಾರ್ಜ್‌ಶೀಟ್. ನಡೆಯದೆ ನಡೆದೆ ಅಂತ ಬರೆದರೂ ಚಾರ್ಜ್‌ಶೀಟ್. ಅದರಲ್ಲಿ ಕರುಣೆ ಇರಲಿಲ್ಲ, ಇರಬಾರದು. ನಿಲ್ಲಿಸಿದವನಿಗೆ ಚಹಾ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬೇಕು. ನೀನು ಡಿಸೆಂಬರಿನಲ್ಲಿ ಚಾರ್ಜ್‌ಶೀಟನ್ನು ಚಹಾದ ಜಾಗದಲ್ಲಿ ಕೊಟ್ಟೆ. ಅಷ್ಟಕ್ಕೂ ನಿಲ್ಲಿಸುವುದು ಯಾರಿಗೂ ಸುಖದ ಕೆಲಸವಲ್ಲ. ಸುಮ್ಮನೆ ನಿಲ್ಲಿಸುವವರನ್ನು ನನ್ನ ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ನಿಲ್ಲಿಸಬೇಕಾದಲ್ಲಿ ನಿಲ್ಲಿಸದವರನ್ನು ಕಂಡಿದ್ದೇನೆ.

– ಎಲ್ಲಿ?

– ರೈಲ್ವೆಗೆ ಸೇರುವ ಮೊದಲು ಒಂದು ಕಲ್ಲಿನ ಕ್ರಷರಿನಲ್ಲಿ ಎರಡು ವರ್ಷ ಇದ್ದೆ. ಯಾರದ್ದು ಅಂತ ಬೇಡ. ಬೆಲ್ಟಿನ ಮೇಲಿನ ಜಾಲರಿ ಕಿತ್ತು ಹೋಗಿತ್ತು. ನನ್ನ ಜೊತೆಗಾರ ಧಣಿಗೆ ಹೇಳಿದ. ‘ಹೆದರಿಕೆ ಆದರೆ ಮನೆಗೆ ಹೋಗು, ಬೇರೆಯವರು ಸಿಗ್ತಾರೆ’ ಅಂದರು. ಅವನು ಹೆದರಿಕೆ ಇಲ್ಲ ಅಂತ ತೋರಿಸಲಿಕ್ಕೆ ಅಲ್ಲೇ ನಿಂತು ಕೆಲಸ ಮಾಡಿದ. ಬಲಗೈಯ ಮೂರು ಬೆರಳು. ಈಗಲೂ ಅಂಕೋಲೆಯ ಸಂತೆಯಲ್ಲಿ ಸಿಗ್ತಾನೆ, ಎಡಗೈಯಲ್ಲಿ ನಮಸ್ಕಾರ ಮಾಡ್ತಾನೆ.

– ...

– ಮತ್ತೆ ಇಲ್ಲೇ, ನಮ್ಮ ಚಾವಡಿಯಲ್ಲಿ. 2014ರ ಜನವರಿ 4, ಶನಿವಾರ ಮಧ್ಯಾಹ್ನ. ನೀನಾಗ ಶಾಲೆಯಲ್ಲಿದ್ದೆ. ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. 31 ಜನ ಕೂಲಿಯವರು. ಹೆಚ್ಚಿನವರು ಹೊರಗಿನಿಂದ ದುಡಿಯಲಿಕ್ಕೆ ಬಂದವರು. ನಾನು ಡ್ಯೂಟಿ ಮುಗಿಸಿ ಪೇಟೆಗೆ ಬಂದಿದ್ದೆ. ಧೂಳು ಇಳಿಯುವವರೆಗೆ ಏನೂ ಕಾಣಲಿಲ್ಲ. ಆಮೇಲೆ ದಿನಗಟ್ಟಲೆ ಸಿಮೆಂಟಿನ ಹಲಗೆ ಎತ್ತಿ ಎತ್ತಿ ಹೆಣ ತೆಗೆದರು. ತನಿಖೆ, ಕೋರ್ಟು ಎಲ್ಲ ಬೇರೆ ಮಾತು. ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ದೂರದ ಊರಿಂದ ಬಂದ ದಿನಗೂಲಿ ಆಳಿಗೆ ಒಂದು ಕಂಬದಲ್ಲಿ ಬಿರುಕು ಕಂಡರೆ ಅವನು ಯಾರಿಗೆ ಹೇಳಬೇಕು? ಯಾವ ಭಾಷೆಯಲ್ಲಿ? ಹೇಳಿದ ಮೇಲೆ ಆ ವಾರದ ಪಗಾರ ಸಿಗ್ತದೆಯೇ? ಅವನ ಚೀಲದಲ್ಲಿ ಪಟಾಕಿ ಇರಲಿಲ್ಲ ತಂಗೀ. ಗೋವೆಯಲ್ಲಿ ದುಡಿಯುವ ನಮ್ಮ ಕಡೆಯವರಲ್ಲಿ ಎಷ್ಟು ಜನರ ಚೀಲದಲ್ಲಿ ಇದೆ?

– ಪಗಾರದ ಮಾತು ಬಂತು, ಅದಕ್ಕೇ ಹೇಳ್ತೇನೆ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ ಇತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಪಾಳಿ ಬಿಟ್ಟ ಹುಡುಗರು ಗಾಜು, ಯಂತ್ರ ಎಲ್ಲ ಒಡೆದು ಹಾಕಿದರು. ಸಂಬಳ ಸರಿಯಾಗಿ ಕೈಗೆ ಬರುತ್ತಿಲ್ಲ ಅನ್ನುವುದು ಅವರ ಸಂಕಟ. ಕಂಪನಿ ಆಮೇಲೆ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನೇ ತೆಗೆಯಿತು. ಆ ಕ್ಷಮೆಯ ಮಾತು ಒಂದು ತಿಂಗಳು ಮೊದಲು ಬಂದಿದ್ದರೆ ಗಾಜು ಉಳಿಯುತ್ತಿತ್ತು. ನಮ್ಮಲ್ಲಿ ಸಂಬಳ ಒಂದನೇ ತಾರೀಕಿಗೆ ಹೋಗ್ತದೆ, ಆ ಮಟ್ಟಿಗೆ ನಾನು ಸರಿ ಇದ್ದೇನೆ.

– ಸ್ಟಾಫಿನ ಊಟ?

– ಅನ್ನ, ಬೇಳೆ, ಒಂದು ಪಲ್ಯ. ವಾರಕ್ಕೆರಡು ದಿನ ಮೀನು.

– ಉಂಡು ನೋಡಿದ್ದೀಯಾ?

– ಒಂದೆರಡು ಸಲ. ಸೀಸನ್ನಿನ ಮೊದಲ ವಾರ.

– ಉಣ್ಣು. ರುಚಿ ನೋಡಲಿಕ್ಕೆ ಅಲ್ಲ. ಉಣ್ಣುವಾಗ ಮನುಷ್ಯ ಮಾತಾಡ್ತಾನೆ. ಆಫೀಸಿಗೆ ಕರೆದರೆ ‘ಹೂಂ ರೀ’ ಅಂತಾನೆ, ಪಕ್ಕದಲ್ಲಿ ಕೂತು ಸಾರು ಬಡಿಸಿದರೆ ಪೈಪು ಬಿರಿದದ್ದು ಬಾಯಿಗೆ ಬರ್ತದೆ. ಅದೂ ಮೊದಲ ದಿನ ಬರುವುದಿಲ್ಲ. ಹತ್ತನೇ ದಿನ ಬಂದರೆ ಪುಣ್ಯ. ಆ ಒಂಬತ್ತು ದಿನ ಸುಮ್ಮನೆ ಉಣ್ಣಬೇಕು.

– ರೂಮು ಗುಡಿಸುವ ಹೆಂಗಸರ ವಿಷಯದಲ್ಲೂ ಹೀಗೇ ಆಗಿರಬಹುದು. ಹತ್ತು ಅಥವಾ ಹೆಚ್ಚು ಜನ ಇದ್ದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು ಅಂತ 2013ರ ಕಾನೂನು. ಸಮಿತಿ ಮಾಡಿ, ಹೆಸರುಗಳ ಪಟ್ಟಿ ಬರೆಸಿ ಗೋಡೆಗೆ ಹಚ್ಚಿದ್ದೇನೆ. ಇಂಗ್ಲಿಷಿನಲ್ಲಿ. ಅವರಲ್ಲಿ ಇಬ್ಬರಿಗೆ ಕನ್ನಡವೇ ಓದಲಿಕ್ಕೆ ಬರುವುದಿಲ್ಲ. ‘ದೂರು: ಇಲ್ಲ’ ಅಂತ ಬರೆದದ್ದರಲ್ಲಿ ಅವರೂ ಸೇರಿದ್ದಾರೆ.

– ಹಾಗಾದರೆ ಅದನ್ನು ಬಾಯಿಂದ ಹೇಳು. ನೀನು ಹೆಣ್ಣುಮಗಳು, ನಿನಗೆ ಅದು ನನಗಿಂತ ಚೆನ್ನಾಗಿ ತಿಳೀತದೆ.

– ಮಾವ, ಈ ಹುಡುಗನ ಹತ್ತಿರ ನಾನು ಏನಂತ ಹೇಳಲಿ? ಬರುವ ವಾರ ಅವನ ಲೆಕ್ಕ ಚುಕ್ತಾ. ಬಿತ್ತನೆಗೆ ಊರಿಗೆ ಹೊರಟಿದ್ದಾನೆ. ನನ್ನದೇ ತಪ್ಪು ಅಂದರೆ ನಾಳೆ ಇಪ್ಪತ್ತೆರಡು ಜನ ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆಯೇ? ನನಗೆ ಇಪ್ಪತ್ತಾರು ವರ್ಷ, ಅಡುಗೆಯವರಿಗೆ ಐವತ್ತು.

– ಶ್ರೀಧರನ್ ಸಾಹೇಬರ ಹೆಸರು ಕೇಳಿದ್ದೀಯಲ್ಲ? ನಮ್ಮ ಲೈನು ಕಟ್ಟಿಸಿದವರು. 1990ರಲ್ಲಿ ನಿಗಮ ಆದಾಗಿನಿಂದ ಅವರೇ ಮುಖ್ಯಸ್ಥರು, 1998ರ ಜನವರಿ 26ಕ್ಕೆ ಪೂರಾ ಲೈನು ತೆರೆಯಿತು. ದಿಲ್ಲಿ ಮೆಟ್ರೋಕ್ಕೂ ಅವರೇ ಮುಖ್ಯಸ್ಥರಾದರು. 2009ರ ಜುಲೈ 12, ಝಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಸೇತುವೆ ಬಿದ್ದು ಆರು ಜನ ಸತ್ತರು. ಅವರಾಗ ಎಪ್ಪತ್ತೇಳರ ಮುದುಕರು, ದೇಶವೆಲ್ಲ ಹೊಗಳುವವರು. ಗುತ್ತಿಗೆದಾರನ ಮೇಲೆ, ಕೆಳಗಿನ ಇಂಜಿನಿಯರ್ ಮೇಲೆ ಹಾಕಬಹುದಿತ್ತು. ಅದೇ ದಿನ, ಹೊಣೆ ನನ್ನದು ಅಂತ ರಾಜೀನಾಮೆ ಕೊಟ್ಟರು. ಸರಕಾರ ಒಪ್ಪಲಿಲ್ಲ, ಮತ್ತೆ ಕೆಲಸಕ್ಕೆ ಬಂದರು. ಹೊಣೆ ಹೊತ್ತದ್ದಕ್ಕೆ ಯಾರೂ ಅವರನ್ನು ಸಣ್ಣ ಮಾಡಲಿಲ್ಲ. ನಮ್ಮ ಗ್ಯಾಂಗಿನಲ್ಲಿ ಆ ಪೇಪರ್ ಕೈಯಿಂದ ಕೈಗೆ ಹೋಯಿತು. ಓದಲಿಕ್ಕೆ ಬಾರದವರಿಗೆ ನಾನೇ ಓದಿ ಹೇಳಿದೆ.

– ನಾನು ರಾಜೀನಾಮೆ ಕೊಡಲೇ?

– ಛೆ, ಬೇಡ. ನಿನ್ನದು ಚಿಕ್ಕ ತಪ್ಪು, ಚಿಕ್ಕದಾಗಿಯೇ ತಿದ್ದು. ಡಿಸೆಂಬರಿನಲ್ಲಿ ಬೈದದ್ದು ಎಲ್ಲಿ?

– ರಿಸೆಪ್ಷನ್ನಿನ ಎದುರು.

– ಹಾಗಾದರೆ ಅಲ್ಲಿಯೇ ಮಾತಾಡು, ಅದೇ ಜನರ ಎದುರು. ಹತ್ತು ಜನರ ಮುಂದೆ ಬೈದು ಒಬ್ಬನೇ ಇದ್ದಾಗ ಸಮಾಧಾನ ಹೇಳಿದರೆ ಉಳಿದ ಒಂಬತ್ತು ಜನರಿಗೆ ಏನು ಮುಟ್ಟಿತು? ಭಾಷಣ ಬೇಡ. ಗೀಜರ್ ಎಲ್ಲಿ ಅಂತ ಕೇಳು.

– ಈಗಲೇ ಫೋನ್ ಮಾಡಲೇ?

– ಮಾಡು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಡ್ತೇನೆ.

*

– ಸಿಕ್ಕಿದನೇ? ಏನಂದ?

– ಹಲೋ ಅಂದೆ, ಅಷ್ಟೇ. ‘ನಾ ಏನೂ ಮಾಡಿಲ್ರೀ ಮೇಡಂ’ ಅಂದ. ನಾನು ಇನ್ನೂ ಏನೂ ಕೇಳಿರಲಿಲ್ಲ ಮಾವ.

– ಮತ್ತೆ?

– ಗೊತ್ತು, ನೀನು ಏನೂ ಮಾಡಿಲ್ಲ ಅಂದೆ. ಡಿಸೆಂಬರಿನಲ್ಲಿ ಗೀಜರ್ ಝುಮ್ ಅಂದಾಗ ನೀನು ಎಲ್ಲಿ ನಿಂತಿದ್ದೆ ಅಂತ ನಾಳೆ ಎಂಟು ಗಂಟೆಗೆ ಎಲ್ಲರೆದುರು ನನಗೆ ತೋರಿಸಬೇಕು, ಎಲೆಕ್ಟ್ರಿಶಿಯನ್ನನ್ನೂ ಕರೆಸ್ತೇನೆ, ಆವತ್ತು ನಾನು ಕೇಳಬೇಕಿತ್ತು, ಕೇಳಲಿಲ್ಲ ಅಂದೆ.

– ಏನಂದ?

– ಬಹಳ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, ‘ಒಳಗ ನೆಲ ಹಸಿ ಇರ್ತೈತ್ರಿ ಮೇಡಂ, ಚಪ್ಲಿ ಹಾಕ್ಕೊಂಡ್ ಬರ್ರಿ’ ಅಂದ.